ಸೊಪ್ಪಿನ ಪ್ರಾಜೆಕ್ಟು ಮತ್ತು ಅಜ್ಜಿಯ ಪ್ರಶ್ನೆ

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗೋ ದಾರಿಯಲ್ಲಿ ಮಂಚೇನಹಳ್ಳಿ ಸಿಗುತ್ತೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಲಕ್ಕಿ ಸೊಪ್ಪು ತರೋಕೆ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ವಿ. ಹೊಲದ ಬದುವಿನಲ್ಲಿ ಗಿಡ ತೋರಿಸಿದ ಅಜ್ಜಿಯೊಬ್ಬರು, "ಇದನ್ನ ತಗೊಂಡೋಗಿ ಏನ್ ಮಾಡ್ತೀರಪ್ಪಾ?" ಅಂದರು. ನಮ್ಮಲ್ಲೊಬ್ಬ ಜಂಬದಿಂದ, "ಇದು ಕ್ಯಾನ್ಸರ್ ಸಾಯಿಸುತ್ತಾ ಅಂತ ನೋಡ್ತೀವಿ ಅಜ್ಜಿ" ಅಂದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ನನ್ ತಮ್ಮನ್ನ ಕಿದ್ವಾಯಿಗೆ ಕರ್ಕೊಂಡೋಗೋದು ಬೇಡ್ವಾ? ಕಷಾಯ ಕಾಸಿ ಕೊಟ್ರೆ ಸಾಕಾ?"

"ಅಯ್ಯೋ ಅಜ್ಜಿ, ಆಸ್ಪತ್ರೆ ಮಾತ್ರ ಬಿಡಿಸ್ಬೇಡಿ" ಅಂತ ಎಲ್ಲರೂ ಒಟ್ಟಿಗೇ ಹೇಳಿದ್ವಿ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ನಾವು ಬರೆಯಬೇಕೆಂದಿದ್ದ ರಿಪೋರ್ಟಿನ ಕೊನೆಯ ಸಾಲು ಗೊತ್ತೇ ಇತ್ತಲ್ಲ: "ಈ ಎಲೆಯ ಸಾರಕ್ಕೆ ಬ್ಯಾಕ್ಟೀರಿಯಾ ನಿರೋಧಕ, ಆಂಟಿಆಕ್ಸಿಡೆಂಟ್ ಮತ್ತು ಕ್ಯಾನ್ಸರ್ ನಿರೋಧಕ ಗುಣಗಳಿವೆ ಎಂದು ಸಾಬೀತಾಗಿದೆ." ಸೀನಿಯರ್‌ಗಳ ರಿಪೋರ್ಟಿನಲ್ಲೂ ಇದೇ ಸಾಲು, ಗಿಡದ ಹೆಸರು ಮಾತ್ರ ಬೇರೆ.

ಸಾಬೀತಾಗೋದು ನಿಜಕ್ಕೂ ಎಷ್ಟು? ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೀತೀವಿ. ಅಗರ್ ಪ್ಲೇಟಿನಲ್ಲಿ ಕೊರೆದ ಗುಂಡಿಗೆ ಅದನ್ನು ಹಾಕಿದರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಕಾಣುತ್ತೆ. ಅದು ಎಲೆಯ ಕೆಲಸವೋ ಮೆಥನಾಲ್ ಕೆಲಸವೋ? ಬರೀ ಮೆಥನಾಲ್ ಹಾಕಿದ ಇನ್ನೊಂದು ಗುಂಡಿ ಇಲ್ಲದಿದ್ದರೆ ಹೇಳೋಕಾಗಲ್ಲ. ಡಿಪಿಪಿಹೆಚ್ ದ್ರಾವಣದ ನೇರಳೆ ಬಣ್ಣ ಹಳದಿಗೆ ತಿರುಗಿದರೆ ಆಂಟಿಆಕ್ಸಿಡೆಂಟ್ ಅಂತೀವಿ. ಟೀ ಡಿಕಾಕ್ಷನ್ ಹಾಕಿದರೂ ಆ ನೇರಳೆ ಮಾಸುತ್ತೆ. ಎಂಟಿಟಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಸತ್ತರೆ ಸಂಭ್ರಮ ಪಡ್ತೀವಿ. ಬ್ಲೀಚಿಂಗ್ ಪೌಡರ್ ಹಾಕಿದರೂ ಅವು ಸಾಯುತ್ತವೆ! ಅದೇ ಪ್ರಮಾಣದಲ್ಲಿ ಆರೋಗ್ಯವಂತ ಕೋಶ ಬದುಕಿತಾ ಅಂತ ನೋಡಿದರಷ್ಟೇ ಆ ಫಲಿತಾಂಶಕ್ಕೆ ಅರ್ಥ.

ಹಾಗಂತ ಈ ಕೆಲಸ ದಂಡ ಅಂತಲ್ಲ. ಮನೆ ಮುಂದೆ ಬೆಳೆಯೋ ನಿತ್ಯಪುಷ್ಪವನ್ನೇ ನೋಡಿ. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದವು. ಅದರ ಬೆನ್ನು ಹತ್ತಿ 1958ರಲ್ಲಿ ವಿನ್‌ಬ್ಲಾಸ್ಟೀನ್ ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಅದನ್ನು ಕೊಡ್ತಾರೆ. ಆದರೆ ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಡೋಸ್ ಹೆಚ್ಚಾದರೆ ನರಗಳಿಗೇ ಪೆಟ್ಟು. ಎಲೆಯಿಂದ ಇಂಜೆಕ್ಷನ್‌ವರೆಗಿನ ದಾರಿಯಲ್ಲಿ ಬೇರ್ಪಡಿಸೋದು, ಶುದ್ಧ ಮಾಡೋದು, ಅಳೆಯೋದು ಎಲ್ಲ ಇದೆ. ಇಂಜಿನಿಯರುಗಳಾಗಿ ನಮ್ಮ ಪಾಲಿನ ಕೆಲಸವೂ ಅಲ್ಲೇ ಇರೋದು.

ಅದಕ್ಕೇ ನಮ್ಮ ಬೇಡಿಕೆ ಇಷ್ಟೇ. ಬರೀ ದ್ರಾವಕದ ಕಂಟ್ರೋಲ್, ಗೊತ್ತಿರೋ ಆಂಟಿಬಯೋಟಿಕ್ ಜೊತೆ ಹೋಲಿಕೆ, ಆರೋಗ್ಯವಂತ ಕೋಶದ ಪರೀಕ್ಷೆ ಇಲ್ಲದ ಪ್ರಾಜೆಕ್ಟಿನಲ್ಲಿ "ಸಾಬೀತು" ಅನ್ನೋ ಪದ ಬೇಡ. ಕೋಶದ ಪರೀಕ್ಷೆಗೆ ಸೌಲಭ್ಯ ಇಲ್ಲದಿದ್ದರೆ "ಕ್ಯಾನ್ಸರ್" ಅನ್ನೋ ಪದವೇ ಬೇಡ, ಒಂದೇ ಪರೀಕ್ಷೆ ಮಾಡಿ ಅದನ್ನೇ ಸರಿಯಾಗಿ ಮಾಡೋಣ. ಗಿಡ ತೋರಿಸಿದ ಊರಿಗೆ ಕನ್ನಡದಲ್ಲಿ ಒಂದು ಪುಟದ ವರದಿ ಕೊಡೋಣ. ಏನು ಸಿಕ್ಕಿತು ಅನ್ನೋದರ ಜೊತೆ ಏನು ಸಿಕ್ಕಿಲ್ಲ ಅನ್ನೋದೂ ಅದರಲ್ಲಿರಲಿ.

ನಮ್ಮ ಪ್ರಾಜೆಕ್ಟಿನ ಹೆಸರಿನಿಂದ ನಾವು "ಕ್ಯಾನ್ಸರ್" ತೆಗೆದಿದ್ದೇವೆ. ಮಾರ್ಕ್ಸ್ ಸ್ವಲ್ಪ ಕಡಿಮೆ ಬರಬಹುದು. ಆ ಒಂದು ಪುಟ ಹಿಡಿದುಕೊಂಡು ಮಂಚೇನಹಳ್ಳಿಗೆ ಹೋದಾಗ ಅಜ್ಜಿಗೆ ಸುಳ್ಳು ಹೇಳಬೇಕಾಗಲ್ಲ.