ಗಾಜಿನ ತೊಟ್ಟಿಯಲ್ಲಿ ಕಡಲ ಚಿಪ್ಪು



ಈ ತಿಂಗಳು ಯಲ್ಲಾಪುರ ತಾಲೂಕಿನ ಚಂದಗುಳಿಯಿಂದ ಹಿರಿಯ ತಾಯಿಯೊಬ್ಬರು ಬರೆದ ಪತ್ರಕ್ಕೆ ಈ ಅಂಕಣವನ್ನು ಮೀಸಲಿಟ್ಟಿದ್ದೇನೆ. ಘಂಟೆ ಗಣಪತಿಯ ಊರೆಂದು ಹೆಸರಾದ ಚಂದಗುಳಿ ಕಾಡು ತೋಟಗಳ ನಡುವಿನ ಹಳ್ಳಿ. ಅಲ್ಲಿಂದ ಕಡಲ ಜೀವಿಯೊಂದರ ಬಗೆಗೆ ಪ್ರಶ್ನೆ ಬಂದುದು ಮೊದಲು ನನಗೂ ವಿಚಿತ್ರವೆನಿಸಿತು. ಪತ್ರ ಓದಿದ ಮೇಲೆ ಹಾಗೆನಿಸಲಿಲ್ಲ.

ತಾಯಿಯವರು ಕಳೆದ ಬೇಸಗೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಹಿರಿಯ ಮಗನ ಮನೆಗೆ ಹೋಗಿ ಮೂರು ತಿಂಗಳು ಇದ್ದು ಬಂದರು. ಆ ಮನೆಯ ಪಡಸಾಲೆಯಲ್ಲಿ ಸುಮಾರು 150 ಲೀಟರು ಹಿಡಿಯುವ ಗಾಜಿನ ತೊಟ್ಟಿಯಿದೆ. ಅದರಲ್ಲಿ ಉಪ್ಪುನೀರು, ಒಂದಿಷ್ಟು ಹವಳ, ಎರಡು ಮೀನು, ನೀಲಿ ಬಣ್ಣದ ಒಂದು ಚಿಪ್ಪು. ಇವನ್ನೆಲ್ಲ ತಂದಿಟ್ಟ ಮೊಮ್ಮಗ ಈಗ ದೂರದ ಕಾಲೇಜಿಗೆ ಹೊರಟಿದ್ದಾನೆ. ತೊಟ್ಟಿಯ ಭಾರ ಸೊಸೆಯ ಮೇಲೆ ಬಿದ್ದಿದೆ. ಚಿಪ್ಪು ಮೊದಲಿನಂತೆ ಅರಳುತ್ತಿಲ್ಲ. ಇತ್ತ ಚಂದಗುಳಿಯ ಮನೆಯಲ್ಲಿರುವ ಕಿರಿಯ ಮೊಮ್ಮಗ ಫೋಟೋ ನೋಡಿ, ತನಗೂ ಅಂಥದೇ ತೊಟ್ಟಿ ಬೇಕೆಂದು ಹಟ ಹಿಡಿದಿದ್ದಾನೆ. ತಾಯಿಯವರು ಕೇಳುತ್ತಾರೆ: "ಆಕಳು ಹಸಿದರೆ ಅಂಬಾ ಎನ್ನುತ್ತದೆ, ಬೆಕ್ಕು ಕಾಲಿಗೆ ಸುತ್ತುತ್ತದೆ. ಈ ಬಾಯಿಲ್ಲದ ಜೀವ ಸುಖವಾಗಿದೆಯೋ ಸಂಕಟದಲ್ಲಿದೆಯೋ ತಿಳಿಯುವುದು ಹೇಗೆ? ತಿಳಿಯದವರು ಇದನ್ನು ಸಾಕಬಹುದೇ?"

ಮೊದಲು ಈ ಜೀವಿ ಯಾವುದೆಂದು ತಿಳಿಯೋಣ. ನಮ್ಮ ಕರಾವಳಿಯ ಅಳಿವೆಗಳಲ್ಲಿ ದೊರೆಯುವ ಬಳಚು, ಚಿಪ್ಪೀಕಲ್ಲುಗಳು ಇದರ ಬಂಧುಗಳೇ. ಅವು ಕೆಸರಿನಲ್ಲಿ ಹುದುಗಿದ್ದು, ನೀರನ್ನು ಒಳಗೆಳೆದು, ಕಿವಿರುಗಳಿಂದ ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುತ್ತವೆ. ತೊಟ್ಟಿಯಲ್ಲಿರುವುದು ಹವಳದ ದಿಬ್ಬಗಳಲ್ಲಿ ವಾಸಿಸುವ ಟ್ರೈಡಾಕ್ನಾ ಎಂಬ ಕುಲದ ಚಿಪ್ಪು. ಇದರ ಅತಿ ದೊಡ್ಡ ಜಾತಿ ಒಂದು ಮೀಟರಿಗಿಂತ ಉದ್ದವಾಗಿ, 200 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಮನೆಯ ತೊಟ್ಟಿಗಳಲ್ಲಿ ಇರುವುವು ಇದಕ್ಕಿಂತ ಚಿಕ್ಕ ಜಾತಿಗಳು. ಅವುಗಳಲ್ಲಿ ಕ್ರೋಸಿಯಾ ಒಂದು ಗೇಣಿನೊಳಗೆ ಉಳಿಯುತ್ತದೆ. ಮ್ಯಾಕ್ಸಿಮಾ, ಸ್ಕ್ವಾಮೋಸಾ, ಡೆರಾಸಾಗಳು ವರ್ಷಗಳು ಕಳೆದಂತೆ ಒಂದಡಿಯನ್ನೂ ಮೀರಿ ಬೆಳೆಯಬಲ್ಲವು. ಆದುದರಿಂದ ಕೊಳ್ಳುವಾಗ ಅಂಗೈಯಷ್ಟಿದ್ದ ಚಿಪ್ಪು ಚಿಕ್ಕ ತೊಟ್ಟಿಯಲ್ಲಿ ಕೊನೆಯವರೆಗೂ ಹಿಡಿಸುವುದೆಂದು ಭಾವಿಸಲಾಗದು.

ಈ ಕುಲದ ವಿಶೇಷವೆಂದರೆ, ಚಿಪ್ಪಿನ ಅಂಚಿನಿಂದ ಹೊರಚಾಚುವ ಬಣ್ಣದ ಮಾಂಸದ ಸೆರಗಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯ ಪಾಚಿಕಣಗಳು ಮನೆ ಮಾಡಿಕೊಂಡಿರುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಚಿಪ್ಪಿಗೆ ಉಣಿಸುತ್ತವೆ. ಚಿಪ್ಪು ತನ್ನ ಮೈಯ ಕಲ್ಮಷವನ್ನು ಅವುಗಳಿಗೆ ಗೊಬ್ಬರವಾಗಿ ಕೊಡುತ್ತದೆ. ಮನೆಗೆ ಬಂದ ಅತಿಥಿಯೇ ಒಲೆ ಹೊತ್ತಿಸಿ ಮನೆಯವರಿಗೆ ಬಡಿಸಿದಂತೆ. ಬೆಳಕು ಕಡಿಮೆಯಾದರೆ ಒಲೆ ಆರುತ್ತದೆ, ಚಿಪ್ಪು ಉಪವಾಸ ಬೀಳುತ್ತದೆ. ಮೀನಿಗೆ ಹಾಕುವ ಕಾಳನ್ನು ಎಷ್ಟು ಸುರಿದರೂ ಆ ಹಸಿವು ಹಿಂಗದು.

ಆದುದರಿಂದ ಸೊಸೆಯವರು ನೋಡಬೇಕಾದ ಮೊದಲನೆಯ ವಸ್ತು ದೀಪ. ಮ್ಯಾಕ್ಸಿಮಾ ಮತ್ತು ಕ್ರೋಸಿಯಾ ಜಾತಿಗಳಿಗೆ ತೀವ್ರವಾದ ಬೆಳಕು ಬೇಕು. ಡೆರಾಸಾ, ಸ್ಕ್ವಾಮೋಸಾಗಳು ಅದಕ್ಕಿಂತ ಕಡಿಮೆ ಬೆಳಕನ್ನು ತಾಳಿಕೊಳ್ಳುತ್ತವೆ. ದಿನಕ್ಕೆ ಎಂಟರಿಂದ ಹತ್ತು ಗಂಟೆ, ನಿಯಮಿತ ವೇಳೆಯಲ್ಲಿ ಬೆಳಕು ಸಿಗಬೇಕು. ಹಳೆಯ ದೀಪ ಮಂಕಾಗಿದ್ದರೆ ಬದಲಿಸಬೇಕು. ಆದರೆ ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಉರಿಸದೆ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸತಕ್ಕದ್ದು. ಕತ್ತಲ ಕೋಣೆಯಿಂದ ಒಮ್ಮೆಲೇ ವೈಶಾಖದ ಬಿಸಿಲಿಗೆ ಬಂದವರ ಕಣ್ಣು ಕುಕ್ಕುವಂತೆ ಚಿಪ್ಪಿಗೂ ಹಠಾತ್ ಬೆಳಕು ಬಾಧಕ.

ಎರಡನೆಯದು ನೀರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಚಿಕ್ಕ ತೊಟ್ಟಿಯಲ್ಲಿ ಅಪಾಯ ಹುಟ್ಟುವುದು ಇಲ್ಲಿಯೇ. ದೀಪದ ಕಾವಿಗೆ ದಿನಕ್ಕೆ ಮೂರು ಲೀಟರು ನೀರು ಆವಿಯಾಗುವುದೆಂದು ಹಿಡಿಯೋಣ. ನೀರು ಹೋಗುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ. 150 ಲೀಟರಿನ ತೊಟ್ಟಿಯಲ್ಲಿ ಮೂರು ದಿನ ಮರೆತರೆ ಉಪ್ಪಿನ ಪ್ರಮಾಣ 35ರಿಂದ 37ಕ್ಕೆ ಏರುತ್ತದೆ. ಮೀನು ತಾಳೀತು, ಚಿಪ್ಪು ಬಳಲುತ್ತದೆ. ಹೀಗೆ ಕಡಿಮೆಯಾದ ನೀರನ್ನು ತುಂಬುವಾಗ ಉಪ್ಪುನೀರು ಹಾಕಬಾರದು, ಶುದ್ಧೀಕರಿಸಿದ ಸಿಹಿನೀರನ್ನೇ ಹಾಕಬೇಕು. ಅದನ್ನೂ ದಿನದಿನವೂ ಹಾಕಬೇಕು. ಇದಲ್ಲದೆ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು, ಅಂದರೆ 15 ಲೀಟರಿನಷ್ಟು ಹಳೆಯ ನೀರನ್ನು ತೆಗೆದು, ಹೊಸದಾಗಿ ಕಲಸಿದ ಉಪ್ಪುನೀರನ್ನು ಹಾಕುವುದು ಒಳ್ಳೆಯದು. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ.

ಮೂರನೆಯದು ಸುಣ್ಣ. ನಮ್ಮ ಹಿರಿಯರು ತಾಂಬೂಲಕ್ಕೆ ಬಳಸುತ್ತಿದ್ದ ಸುಣ್ಣವನ್ನು ಚಿಪ್ಪು ಸುಟ್ಟು ಮಾಡುತ್ತಿದ್ದರೆಂಬುದು ತಾಯಂದಿರಿಗೆ ತಿಳಿದ ಸಂಗತಿ. ಆ ಸುಣ್ಣವನ್ನು ಚಿಪ್ಪು ತಾನು ನೀರಿನಿಂದಲೇ ಹೀರಿ ಕಟ್ಟಿಕೊಳ್ಳಬೇಕು. ಲೀಟರು ನೀರಿನಲ್ಲಿ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 1250ರಿಂದ 1350 ಮಿಲಿಗ್ರಾಂ ಮೆಗ್ನೀಸಿಯಂ ಇರಬೇಕು. ಕ್ಷಾರಗುಣ ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 10ರಷ್ಟಿರಬೇಕು. ಅಳೆಯುವ ಪರೀಕ್ಷಾ ಸಾಮಗ್ರಿ ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತದೆ. ಚಿಪ್ಪು ಬೆಳೆಯುತ್ತಿದ್ದರೆ ಈ ಸತ್ವಗಳು ವಾರವಾರವೂ ಇಳಿಯುತ್ತವೆ. ಇವನ್ನು ತುಂಬಲು ಹಲವರು ಸುಣ್ಣದ ತಿಳಿನೀರನ್ನೇ ತೊಟ್ಟು ತೊಟ್ಟಾಗಿ ಬಿಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಅದಕ್ಕೆಂದೇ ತಯಾರಿಸಿದ ಶುದ್ಧ ಸುಣ್ಣವನ್ನು ಬಳಸಬೇಕೇ ಹೊರತು ಎಲೆಗೆ ಹಚ್ಚುವ ಸುಣ್ಣವನ್ನಲ್ಲ. ಒಮ್ಮೆಗೇ ಸುರಿದರೆ ನೀರು ತೀಕ್ಷ್ಣವಾಗಿ ಎಲ್ಲ ಜೀವಿಗಳಿಗೂ ಕುತ್ತು.

ಇನ್ನು ತಾಯಿಯವರ ಮುಖ್ಯ ಪ್ರಶ್ನೆ: ಬಾಯಿಲ್ಲದ ಜೀವದ ಸುಖದುಃಖ ತಿಳಿಯುವುದು ಹೇಗೆ? ಅದಕ್ಕೂ ಒಂದು ಭಾಷೆಯಿದೆ, ಬಂಧುಗಳೇ. ಸೆರಗಿನ ಅಂಚಿನಲ್ಲಿ ಸಾಲಾಗಿ ನೂರಾರು ಪುಟ್ಟ ಕಣ್ಣುಗಳಿರುತ್ತವೆ. ಅವು ಬೆಳಕು ನೆರಳುಗಳನ್ನು ಅರಿಯುತ್ತವೆ. ತೊಟ್ಟಿಯ ಮೇಲೆ ಕೈಯ ನೆರಳು ಬಿದ್ದೊಡನೆ ಆರೋಗ್ಯವಂತ ಚಿಪ್ಪು ಸೆರಗನ್ನು ಒಳಗೆಳೆದುಕೊಂಡು ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆರೆಯುತ್ತದೆ. ಚಿಪ್ಪಿನ ಮೇಲಂಚಿನಲ್ಲಿ ಹೊಸ ಬಿಳಿಯ ಪಟ್ಟಿ ಕಾಣುತ್ತಿದ್ದರೆ ಅದು ಬೆಳೆಯುತ್ತಿದೆ ಎಂದರ್ಥ. ಸೆರಗು ಮುದುಡಿ ಮಡಿಕೆ ಮಡಿಕೆಯಾಗಿದ್ದರೆ, ಬಣ್ಣ ಮಾಸಿ ಬಿಳಿಚಿದರೆ, ನೀರೆಳೆಯುವ ರಂಧ್ರ ಬಾಯಿ ಬಿಟ್ಟಂತೆ ಹಿಗ್ಗಿದ್ದರೆ, ನೆರಳಿಗೆ ನಿಧಾನವಾಗಿ ಮುಚ್ಚಿದರೆ ಅದು ಸಂಕಟದಲ್ಲಿದೆ. ನೆರಳಿಗೂ ಸ್ಪರ್ಶಕ್ಕೂ ಚಲಿಸದೆ ತೆರೆದೇ ಇದ್ದರೆ ಜೀವ ಹೋಗುತ್ತಿದೆ ಅಥವಾ ಹೋಗಿದೆ. ಸತ್ತುದು ಖಚಿತವಾದರೆ ತಡಮಾಡದೆ ಹೊರತೆಗೆಯಬೇಕು. ಇಲ್ಲವಾದರೆ ಅದು ಕೊಳೆತು ಚಿಕ್ಕ ತೊಟ್ಟಿಯ ಉಳಿದ ಜೀವಗಳನ್ನೂ ಕೊಲ್ಲುತ್ತದೆ.

ಸಂಕಟ ಕಂಡಾಗ ಮೊದಲು ಉಪ್ಪು, ಉಷ್ಣತೆ, ಕ್ಷಾರಗುಣಗಳನ್ನು ಅಳೆಯಿರಿ. ಬಳಿಕ ರಾತ್ರಿ ದೀಪವಾರಿದ ಮೇಲೆ ಕೈದೀಪ ಹಿಡಿದು ಚಿಪ್ಪಿನ ಅಂಚನ್ನೂ ಬುಡವನ್ನೂ ನೋಡಿರಿ. ಅಕ್ಕಿಕಾಳಿನಷ್ಟು ಚಿಕ್ಕ ಬಿಳಿಯ ಶಂಖದ ಹುಳುಗಳು ಕಂಡರೆ, ಅವು ಚಿಪ್ಪಿನ ಸತ್ವ ಹೀರುವ ಪಿಡುಗು. ಮೃದುವಾದ ಬ್ರಷ್ಷಿನಿಂದ ಅವನ್ನೂ ಅವುಗಳ ಮೊಟ್ಟೆಗಳನ್ನೂ ಉಜ್ಜಿ ತೆಗೆಯಬೇಕು. ಒಂದು ದಿನದ ಕೆಲಸವಲ್ಲ, ಕೆಲವು ವಾರ ಬಿಡದೆ ಮಾಡಬೇಕು. ಮೀನು ಸೆರಗನ್ನು ಕಚ್ಚುತ್ತಿದೆಯೇ ಎಂಬುದನ್ನೂ ಗಮನಿಸಿರಿ. ಚಿಪ್ಪು ನೂಲಿನಂಥ ಎಳೆಗಳಿಂದ ಕಲ್ಲಿಗೆ ಅಂಟಿಕೊಂಡಿರುತ್ತದೆ. ಅದನ್ನು ಎಳೆದು ಕಿತ್ತರೆ ಒಳಗಿನ ಅಂಗ ಹರಿದು ಸಾಯಬಹುದು. ಮೀನಿಗೆ ರೋಗ ಬಂದಿತೆಂದು ತಾಮ್ರ ಸೇರಿದ ಔಷಧಿಯನ್ನು ಈ ತೊಟ್ಟಿಗೆ ಎಂದೂ ಹಾಕಕೂಡದು. ಚಿಪ್ಪಿಗೆ ಅದು ವಿಷ.

ಇನ್ನೊಂದು ಮಾತು. ತೊಟ್ಟಿಯ ನೀರು ಸ್ಫಟಿಕದಂತೆ ಇರಬೇಕೆಂಬ ಹಟ ಬೇಡ. ಮೀನಿನ ಕಲ್ಮಷದಿಂದ ಹುಟ್ಟುವ ಅಮೋನಿಯಾ, ನೈಟ್ರೇಟುಗಳನ್ನು ಈ ಚಿಪ್ಪು ಹೀರಿಕೊಳ್ಳುತ್ತದೆ. ಅವು ಅತಿಯಾದರೆ ಕೆಡುಕು, ನೈಟ್ರೇಟು ಸ್ವಲ್ಪವೂ ಇಲ್ಲದಿದ್ದರೆ ಒಳಗಿನ ಪಾಚಿಗೆ ಗೊಬ್ಬರವಿಲ್ಲ. ಎರಡು ಅಂಗುಲಕ್ಕಿಂತ ಚಿಕ್ಕ ಮರಿಗಳಿಗೆ ಬೆಳಕಿನ ಜೊತೆಗೆ ಸೂಕ್ಷ್ಮ ಪಾಚಿಯ ಆಹಾರವನ್ನೂ ಕೊಡುವುದು ಹಿತ.

ಸೊಸೆಯವರಿಗೆ ನನ್ನ ಸಲಹೆ ಇಷ್ಟು. ಬೆಳಗಿನ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಐದು ನಿಮಿಷ ತೊಟ್ಟಿಯ ಮುಂದೆ ನಿಲ್ಲಿರಿ. ಕೈಯ ನೆರಳು ಚೆಲ್ಲಿ ನೋಡಿರಿ, ನೀರಿನ ಮಟ್ಟ ನೋಡಿ ಸಿಹಿನೀರು ತುಂಬಿರಿ, ಕಂಡುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಹದಿನೈದು ದಿನದ ಬರಹ ಓದಿದರೆ ತಪ್ಪು ಎಲ್ಲಿದೆಯೆಂಬುದು ತಾನಾಗಿ ಹೊಳೆಯುತ್ತದೆ. ಅಷ್ಟು ಸಮಯ ಸಿಗದೆಂದಾದರೆ ಸಂಕೋಚ ಬೇಡ. ದೊಡ್ಡ ತೊಟ್ಟಿಯಿರುವ, ಅನುಭವವಿರುವ ಇನ್ನೊಂದು ಮನೆಗೆ ಚಿಪ್ಪನ್ನು ಕೊಟ್ಟುಬಿಡುವುದು ಸೋಲಲ್ಲ, ಅದೂ ಒಂದು ಹೊಣೆಯ ನಿರ್ವಹಣೆಯೇ. ಆದರೆ ಆ ಮಾತನ್ನು ಕಾಲೇಜಿಗೆ ಹೊರಟ ಮಗನೇ ಕುಳಿತು ತೀರ್ಮಾನಿಸಬೇಕು. ಜೀವವನ್ನು ಮನೆಗೆ ತಂದವನು ಅವನು.

ಈಗ ಚಂದಗುಳಿಯ ಬಾಲಕನ ಮಾತು. ತಾಯಿಯವರೇ, ಇಲ್ಲಿ ನನ್ನ ಉತ್ತರ ಸ್ಪಷ್ಟ: ಬೇಡ. ನಮ್ಮ ದೇಶದಲ್ಲಿ ಈ ಚಿಪ್ಪುಗಳು ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳ ಹವಳದ ದಿಬ್ಬಗಳಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಹವಳಗಳನ್ನೂ ಮ್ಯಾಕ್ಸಿಮಾ, ಸ್ಕ್ವಾಮೋಸಾ ಚಿಪ್ಪುಗಳನ್ನೂ ಸೇರಿಸಲಾಯಿತು. ಅವನ್ನು ಕಡಲಿನಿಂದ ತೆಗೆಯುವುದೂ ಮಾರುವುದೂ ಅಪರಾಧ. ಹೊರದೇಶದಿಂದ ತರುವುದಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡುಗಳಿವೆ, 2022ರ ತಿದ್ದುಪಡಿಯ ಬಳಿಕ ಅಂಥ ಜೀವಿಗಳ ನೋಂದಣಿಯ ನಿಯಮವೂ ಬಂದಿದೆ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆಂದರೆ ನಂಬಬೇಡಿರಿ. ಪಲಾವ್ ದ್ವೀಪದಂಥ ಕಡೆ 1970ರ ದಶಕದಿಂದ ಕೃಷಿಕೇಂದ್ರಗಳಲ್ಲಿ ಮರಿ ಬೆಳೆಸುವ ಕೆಲಸ ನಡೆದುಬಂದಿದೆ. ಅಮೆರಿಕದ ತೊಟ್ಟಿಗಳಿಗೆ ಅಂಥ ಮರಿಗಳು ಸಿಗುತ್ತವೆ. ಆದರೆ ಅಲ್ಲಿನ ಸರಕಾರವೂ 2024ರಲ್ಲಿ ಈ ಬಂಧುವರ್ಗದ ಹತ್ತು ಜಾತಿಗಳಿಗೆ ರಕ್ಷಣೆ ಕೊಡುವ ಪ್ರಸ್ತಾವ ಮಂಡಿಸಿತು. ಆದುದರಿಂದ ಹೊಸದನ್ನು ಕೊಳ್ಳುವ ಮುನ್ನ ಅಲ್ಲಿಯವರೂ ನಿಯಮ ವಿಚಾರಿಸಬೇಕು.

ಕಾನೂನು ಬಿಟ್ಟರೂ ಮಳೆಗಾಲದ ಮಾತಿದೆ. ಆಷಾಢದ ಗಾಳಿಗೆ ಮರ ಬಿದ್ದು ವಿದ್ಯುತ್ ಹೋದರೆ ಮಲೆನಾಡಿನ ಹಳ್ಳಿಗೆ ಅದು ಯಾವಾಗ ಬರುವುದೆಂದು ಹೇಳಬಲ್ಲವರಾರು? ಪಂಪು ನಿಂತ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣವಾಯು ಕುಗ್ಗುತ್ತದೆ. ಹೊಳೆಯ ಸಿಹಿನೀರಿನ ಚಿಪ್ಪನ್ನು ತಂದು ಬೋಗುಣಿಯಲ್ಲಿ ಇಡುವುದೂ ಬೇಡ. ಶುದ್ಧ ನೀರಿನಲ್ಲಿ ಅದಕ್ಕೆ ಆಹಾರವಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಸೊರಗಿ ಸಾಯುತ್ತದೆ, ಮಗುವಿಗೆ ತಿಳಿಯುವುದೇ ಇಲ್ಲ. ಆ ಚಿಪ್ಪುಗಳ ಮರಿಗಳು ಮೊದಲ ದಿನಗಳನ್ನು ಮೀನಿನ ಮೈಗೆ ಅಂಟಿಕೊಂಡು ಕಳೆಯುತ್ತವೆ. ಹೊಳೆಯೂ ಮೀನೂ ಉಳಿದರೆ ಮಾತ್ರ ಅವು ಉಳಿದಾವು.

ಹುಡುಗನ ಆಸೆಯನ್ನು ಗದರಿ ಅಡಗಿಸಬೇಡಿರಿ. ದಸರೆಯ ರಜೆಯಲ್ಲಿ ಅವನನ್ನು ಘಟ್ಟದ ಕೆಳಗೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಕರೆದೊಯ್ಯಿರಿ. 2024ರ ಜನವರಿಯಲ್ಲಿ ಆ ಅಳಿವೆಯನ್ನು ರಾಮ್ಸರ್ ಪಟ್ಟಿಯ ಜೌಗುಪ್ರದೇಶವೆಂದು ಘೋಷಿಸಲಾಯಿತು. ನೀರಿಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಮೊಣಕಾಲ ನೀರಿನಲ್ಲಿ ನಿಂತು ಬಳಚು ಆಯುವುದನ್ನು ಅವನು ನೋಡಲಿ. ನಾವು ಅದನ್ನು ತಿನ್ನುವವರಲ್ಲ. ಆದರೆ ಆ ಕಾಯಕದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆಂಬುದನ್ನು ಅವನು ಅರಿಯಲಿ. ಯಲ್ಲಾಪುರ ತಾಲೂಕಿನ ನೀರು ಕಾಳಿಯಾಗಿ, ಬೇಡ್ತಿಯಾಗಿ ಇದೇ ಕಡಲಿಗೆ ಸೇರುತ್ತದೆ, ನಾವು ಹಳ್ಳಕ್ಕೆ ಎಸೆದ ಕಸವೂ ಅಲ್ಲಿಗೇ ಹೋಗುತ್ತದೆ ಎಂಬುದನ್ನು ಅಲ್ಲಿಯೇ ನಿಂತು ಹೇಳಿರಿ.

ಶರಣರು ದಯೆಗೆ ಕೊಟ್ಟ ಸ್ಥಾನ ನಮಗೆಲ್ಲ ತಿಳಿದುದೇ. ಕೂಗಿ ಕರೆಯುವ ಜೀವಕ್ಕೆ ಮರುಗುವುದು ಸುಲಭ. ಕೂಗಲಾರದ ಜೀವಕ್ಕೆ ಮರುಗಬೇಕಾದರೆ ದಿನವೂ ಗಮನವಿಟ್ಟು ನೋಡುವ ಅಭ್ಯಾಸ ಬೇಕು. ಚಂದಗುಳಿಯ ತಾಯಿಯವರು ದೂರದ ದೇಶದಲ್ಲಿ ಮೂರು ತಿಂಗಳು ಇದ್ದು, ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿಕೊಂಡು ಬಂದರು. ಸೊಸೆಯವರು ಈ ಲೇಖನ ಓದಿ, ಚಿಪ್ಪು ಮತ್ತೆ ಸೆರಗು ಬಿಚ್ಚಿತೇ ಎಂಬುದನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಓದುಗರೊಡನೆ ಹಂಚಿಕೊಳ್ಳುತ್ತೇನೆ.