ಸಲಹೆಗೆ ಸಲ್ಲತಕ್ಕ ಹಣ

ನಮ್ಮ ವಾಚಕರಲ್ಲೊಬ್ಬರು, ದಾವಣಗೆರೆಯ ಕಡೆಯ ನಿವೃತ್ತ ಉಪಾಧ್ಯಾಯಿನಿಯವರು, ಹೋದ ತಿಂಗಳು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಮನೆಗೆ ಬಂದಾಗ ಅವರ ಕೈಸೇರಿದ ಗಂಟು 22 ಲಕ್ಷ ರೂಪಾಯಿ. ಹಣವು ಖಾತೆಗೆ ಬಂದ ಮೂರನೆಯ ದಿನವೇ ಬ್ಯಾಂಕಿನ ಅಧಿಕಾರಿಯೊಬ್ಬರು ಮನೆಗೆ ದಯಮಾಡಿಸಿ, ಕಾಫಿಯನ್ನು ಸ್ವೀಕರಿಸಿ, ವರ್ಷಕ್ಕೆ 4 ಲಕ್ಷದಂತೆ ಐದು ವರ್ಷ ಕಟ್ಟತಕ್ಕ ವಿಮಾಪತ್ರವೊಂದನ್ನು ಮುಂದಿಟ್ಟರಂತೆ. ಸಲಹೆಗೆಂದು ಅವರು ಒಂದು ಕಾಸನ್ನೂ ಕೇಳಲಿಲ್ಲ. ಇತ್ತ ಸೋದರಳಿಯನು ಗೊತ್ತುಮಾಡಿದ ಸಲಹೆಗಾರರು ಏನನ್ನೂ ಮಾರುವವರಲ್ಲ. ಆದರೆ ಸಂಸಾರದ ಲೆಕ್ಕವನ್ನೆಲ್ಲ ನೋಡಿ ದಾರಿ ಹೇಳುವುದಕ್ಕೆ 20,000 ರೂಪಾಯಿ ನಿಗದಿಯ ಶುಲ್ಕವನ್ನು ಕೇಳುತ್ತಾರೆ. "ಬಾಯಿಮಾತಿಗೆ ಇಪ್ಪತ್ತು ಸಾವಿರವೇ?" ಎಂಬುದು ಆ ಮಹನೀಯರ ಪ್ರಶ್ನೆ.

ಪ್ರಶ್ನೆ ಸಹಜವಾದುದೇ. ವೈದ್ಯರಿಗೂ ವಕೀಲರಿಗೂ ಶುಲ್ಕ ಕೊಡುವಾಗ ನಮಗೆ ಸಂಕೋಚವಿಲ್ಲ. ಹಣದ ವಿಷಯದಲ್ಲಿ ಮಾತ್ರ ಬುದ್ಧಿವಾದವು ಪುಕ್ಕಟೆಯಾಗಿ ಬರಬೇಕೆಂದು ನಾವು ತಲೆಮಾರುಗಳಿಂದ ಎಣಿಸುತ್ತ ಬಂದಿದ್ದೇವೆ. ನಾವೂ ಹಾಗೆಯೇ ಎಣಿಸಿದ್ದೆವು. ಬಹಳ ವರ್ಷಗಳ ಹಿಂದೆ ಪರಿಚಿತರೊಬ್ಬರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ವಿಮೆಯೂ ಆಗಿ ಉಳಿತಾಯವೂ ಆಗುವುದೆಂಬ ಪತ್ರವೊಂದಕ್ಕೆ ರುಜು ಹಾಕಿದೆವು. ಮೂರು ವರ್ಷ ಕಂತು ಕಟ್ಟಿ ಬಿಡಿಸಿಕೊಳ್ಳಲು ಹೋದಾಗ, ಕಟ್ಟಿದ ಹಣದ ಅರ್ಧವೂ ಹಿಂದಿರುಗಲಿಲ್ಲ. ಆ ಪರಿಚಿತರು ಕೆಟ್ಟವರೆಂದು ನಾವು ಇಂದಿಗೂ ಹೇಳಲಾರೆವು. ಅವರ ಸಂಪಾದನೆ ನಮ್ಮ ಕಂತಿನೊಳಗೇ ಅಡಗಿತ್ತು, ಅಷ್ಟೆ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೀಗೆ ಅಡಗಿದ ಹಣ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 2013ರ ಜನವರಿಯಿಂದ ಮ್ಯೂಚುಯಲ್ ಫಂಡುಗಳಿಗೆ ಎರಡು ಬಾಗಿಲುಗಳುಂಟು. ಒಂದು ರೆಗ್ಯುಲರ್, ಇದರಲ್ಲಿ ಮಾರಿದ ಮಧ್ಯಸ್ಥನಿಗೆ ವರ್ಷವರ್ಷವೂ ಕಮಿಷನ್ ಸಲ್ಲುತ್ತಿರುವುದು. ಇನ್ನೊಂದು ಡೈರೆಕ್ಟ್, ಇದರಲ್ಲಿ ಮಧ್ಯಸ್ಥನಿಲ್ಲ. ಫಂಡು ಒಂದೇ, ಅದನ್ನು ನಡೆಸುವವರೂ ಅವರೇ. ವೆಚ್ಚ ಮಾತ್ರ ಬೇರೆ. ಈ ಅಂತರವು ನೂರಕ್ಕೆ ಒಂದೆಂದು ಇಟ್ಟುಕೊಳ್ಳೋಣ. 20 ಲಕ್ಷ ರೂಪಾಯಿಯು ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆದರೆ ಹದಿನೈದು ವರ್ಷದಲ್ಲಿ ಸುಮಾರು 83 ಲಕ್ಷ 54 ಸಾವಿರವಾಗುವುದು. 9ರಂತೆ ಬೆಳೆದರೆ 72 ಲಕ್ಷ 85 ಸಾವಿರ. ಒಂದೇ ಒಂದು ಅಂಕಿಯ ಮರೆಯಲ್ಲಿ 10 ಲಕ್ಷಕ್ಕೂ ಮೀರಿದ ಹಣ ಜಾರಿಹೋಯಿತು. ಮನೆಯಲ್ಲಿ ಯಾರೊಬ್ಬರೂ ಒಂದು ರೂಪಾಯಿಯನ್ನು ಎಣಿಸಿ ಕೊಟ್ಟ ನೆನಪಿಲ್ಲ! ಇಪ್ಪತ್ತು ಸಾವಿರವು ಕಣ್ಣಿಗೆ ಚುಚ್ಚುವುದು ಅದನ್ನು ಎಣಿಸಿ ಕೊಡಬೇಕಾಗಿರುವುದರಿಂದ.

ಹಾಗೆಂದು ಎಲ್ಲರೂ ಸಲಹೆಗಾರರ ಬಾಗಿಲಿಗೆ ಹೋಗತಕ್ಕದ್ದೆಂದು ನಾವು ಹೇಳುವುದಿಲ್ಲ. ಒಟ್ಟು ಉಳಿತಾಯವೇ 2 ಲಕ್ಷವಿರುವ ಯುವಕನಿಗೆ ನೂರಕ್ಕೆ ಒಂದೆಂದರೆ ವರ್ಷಕ್ಕೆ 2,000. ಅದನ್ನು ಉಳಿಸಲು ಇಪ್ಪತ್ತು ಸಾವಿರ ತೆರುವುದು ಇಲಿಗೆ ಹೆದರಿ ಮನೆಯನ್ನು ಸುಟ್ಟಂತೆ. ಅವನಿಗೆ ಭವಿಷ್ಯನಿಧಿ, ಸರಳವಾದೊಂದು ಅವಧಿ ವಿಮೆ, ಆಸ್ಪತ್ರೆಯ ವೆಚ್ಚಕ್ಕೊಂದು ವಿಮೆ, ಆರು ತಿಂಗಳ ಖರ್ಚಿಗಾಗುವಷ್ಟು ನಗದು, ಇಷ್ಟಾದರೆ ಸಾಕು.

ಶುಲ್ಕ ಕೇಳಿದವರೆಲ್ಲ ಸಲಹೆಗಾರರೂ ಅಲ್ಲ. ಸೆಬಿಯ 2013ರ ನಿಯಮಗಳ ಪ್ರಕಾರ ಇಂಥವರು ನೋಂದಣಿ ಪಡೆದಿರಬೇಕು. ಆ ಸಂಖ್ಯೆಯು ಐ.ಎನ್.ಎ. ಎಂಬ ಅಕ್ಷರಗಳಿಂದ ತೊಡಗುತ್ತದೆ, ಸೆಬಿಯ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಕರಾರು ಲಿಖಿತವಾಗಿರಬೇಕು. ಸಲಹೆ ಪಡೆದ ಗೃಹಸ್ಥನಿಗೆ ಅವರೇ ಕಮಿಷನ್ನಿನ ಮೇಲೆ ಫಂಡನ್ನು ಮಾರಕೂಡದು. ನಿಗದಿಯ ಶುಲ್ಕಕ್ಕೂ ಮಿತಿಯಿದೆ: 2025ರ ಆರಂಭದ ಸೂಚನೆಯಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ. ಶುಲ್ಕದ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. ಬೀಳುವುದುಂಟಾದ್ದರಿಂದ ಅದನ್ನೂ ಮೊದಲೇ ಕೇಳಿಕೊಳ್ಳುವುದು ಲೇಸು. ಇಂಥ ಸಲಹೆಗಾರರ ಸಂಖ್ಯೆ ಮಾತ್ರ ಬಹಳ ಕಡಿಮೆ; 2024ರಲ್ಲಿ ಇಡೀ ದೇಶಕ್ಕೆ ಒಂದು ಸಾವಿರವೂ ತುಂಬಿರಲಿಲ್ಲ. ಸಣ್ಣ ಊರಿನವರಿಗೆ ದೂರವಾಣಿಯಲ್ಲೇ ಮಾತು ನಡೆಯಬೇಕಾದೀತು.

ಇನ್ನು ನಮ್ಮ ಉಪಾಧ್ಯಾಯಿನಿಯವರ ಮಾತು. ಆ 22 ಲಕ್ಷವೊಂದೇ ಆಗಿದ್ದರೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿರೆಂದು ನಾವೇ ಪುಕ್ಕಟೆಯಾಗಿ ಬರೆಯುತ್ತಿದ್ದೆವು. ಅಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವುದು. ಆದರೆ ಪತ್ರದ ಕೊನೆಯ ಪುಟದಲ್ಲಿ ಬೇರೊಂದು ಸಂಗತಿಯಿದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರು ಬಿಟ್ಟುಹೋದ ಆರು ವಿಮಾಪತ್ರಗಳೂ ನಾಲ್ಕು ಫಂಡುಗಳ ಕಾಗದಗಳೂ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಯಾವುದಕ್ಕೆ ಯಾರು ನಾಮಿನಿ, ಯಾವುದರ ಕಂತು ನಿಂತಿದೆ ಎಂಬುದು ಅವರಿಗೆ ತಿಳಿಯದು. ತೆರೆದು ನೋಡಲು ಧೈರ್ಯ ಬರುವುದಿಲ್ಲವೆಂದು ಬರೆದಿದ್ದಾರೆ.

ಆ ಪೆಟ್ಟಿಗೆಗಾಗಿ ಇಪ್ಪತ್ತು ಸಾವಿರವನ್ನು ಕೊಡಿರೆಂದು ನಾವು ಉತ್ತರ ಬರೆದೆವು. ಒಮ್ಮೆ ಕೊಡಿ, ವರ್ಷವರ್ಷವೂ ಕೊಡತಕ್ಕ ಕರಾರಿಗೆ ಈಗಲೇ ರುಜು ಹಾಕಬೇಡಿ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಾಯಿಸುವುದೂ ಕಾನೂನಿನ ಕಣ್ಣಿಗೆ ಮಾರಾಟವೇ ಆದ್ದರಿಂದ, ತೆರಿಗೆಯ ಲೆಕ್ಕ ತೋರಿಸದೆ ಎಲ್ಲವನ್ನೂ ಒಂದೇ ದಿನ ಬದಲಿಸಿರೆಂದರೆ ಎದ್ದು ಬನ್ನಿ. ಕೊಟ್ಟ ಸಲಹೆ ಕಾಗದದ ಮೇಲಿರಲಿ. ಅದರಂತೆ ನಡೆಯುವ ಕೆಲಸ ನಿಮ್ಮದೇ. ಫಾರಮು ತುಂಬುವುದು, ಕಚೇರಿಗೆ ಅಲೆಯುವುದು ಆ ಶುಲ್ಕದಲ್ಲಿ ಸೇರಿಲ್ಲದಿರಬಹುದು.

ಮೊನ್ನೆ ಅವರಿಂದ ನಾಲ್ಕು ಸಾಲಿನ ಮರುಪತ್ರ ಬಂದಿದೆ. ಬ್ಯಾಂಕಿನವರು ಮತ್ತೆ ಬಂದಿದ್ದರಂತೆ; ಇದರಿಂದ ತಮಗೆಷ್ಟು ಸಿಗುವುದೆಂದು ಕೇಳಿದ್ದಕ್ಕೆ ಕಾಫಿ ಕುಡಿಯದೆ ಹೊರಟರಂತೆ. ಬರುವ ಗುರುವಾರ ಸೋದರಳಿಯನೊಡನೆ ಪೆಟ್ಟಿಗೆಯನ್ನು ತೆರೆಯುವುದೆಂದು ನಿಶ್ಚಯವಾಗಿದೆ.