ಗಟ್ಟುವಿನಲ್ಲಿ ಯಾರು ‘ಲೋಕಲ್’?

‘ಲೋಕಲ್’ ಎಂಬ ಮಾತಿಗೆ ನಮ್ಮಲ್ಲಿ ಹಲವು ಅರ್ಥ. ಬಸ್ಸು ಲೋಕಲ್ ಎಂದರೆ ಹಳ್ಳಿಹಳ್ಳಿಗೂ ನಿಲ್ಲುವಂಥದ್ದು, ಸರಕು ಲೋಕಲ್ ಎಂದರೆ ಕಳಪೆ, ಮನುಷ್ಯ ಲೋಕಲ್ ಎಂದರೆ ಈ ಮಣ್ಣಿನವನು. ತೆಲಂಗಾಣದ ಗಟ್ಟುವಿನ ಕನ್ನಡ ಮನೆಯ ಮಗುವಿನ ಬದುಕನ್ನು ತಿರುಗಿಸುವುದು ಮಾತ್ರ ಕಾನೂನು ಕೊಟ್ಟ ಅರ್ಥ. 2018ರ ರಾಷ್ಟ್ರಪತಿ ಆದೇಶದಲ್ಲಿ, 1ರಿಂದ 7ನೇ ತರಗತಿವರೆಗೆ ಎಲ್ಲಿ ಓದಿದರೆಂಬುದೇ ಸ್ಥಳೀಯರ ಸರ್ಕಾರಿ ಉದ್ಯೋಗ ಮೀಸಲಿನ ಮುಖ್ಯ ಅಳತೆ. ಕನ್ನಡದಲ್ಲಿ ಕಲಿಯಲು ಗಡಿಯಾಚೆ ರಾಯಚೂರು ಸೀಮೆಯ ಶಾಲೆ ಸೇರಿದ ಮಗು ಹುಟ್ಟೂರಿಗೇ ಹೊರಗಿನದಾಗಬಹುದು. 1956ರವರೆಗೆ ಗಟ್ಟು ಸೇರಿದ್ದ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಜನ ಕದಲಲಿಲ್ಲ, ಗೆರೆ ಕದಲಿತು.

ನಿಯಮ ಸಡಿಲಿಸಿದರೆ ಹೊರಗಿನವರು ನುಗ್ಗುತ್ತಾರೆ ಎಂಬ ಆತಂಕ ಸುಳ್ಳಲ್ಲ. 1969ರ ತೆಲಂಗಾಣ ಚಳವಳಿ ಭುಗಿಲೆದ್ದಿದ್ದೇ ಮುಲ್ಕಿ, ಅಂದರೆ ಸ್ಥಳೀಯರಿಗೆ ನೌಕರಿ ಕಾಯ್ದಿಡುವ, ರಕ್ಷಣೆ ಮುರಿದ ಸಿಟ್ಟಿನಿಂದ. ಆದರೆ ನಿಜಾಮರ ಕಾಲದ ಆ ಮುಲ್ಕಿ ನಿಯಮ ಎಣಿಸುತ್ತಿದ್ದುದು ವಾಸದ ವರ್ಷಗಳನ್ನು, ಶಾಲೆಯ ವರ್ಷಗಳನ್ನಲ್ಲ. ಶಾಲಾ ದಾಖಲೆಯನ್ನು ಪರಿಶೀಲಿಸುವುದು ಸುಲಭ, ನಿಜ. ಸುಳ್ಳು ವಾಸಪತ್ರ ಹುಟ್ಟಿಸುವುದೂ ಅಷ್ಟೇ ಸುಲಭ ಎನ್ನುವವರಿದ್ದಾರೆ. ಗಟ್ಟು, ಮಕ್ತಲ್, ನಾರಾಯಣಪೇಟೆಯ ಭಾಷಾ ಅಲ್ಪಸಂಖ್ಯಾತರಿಗೆ ಶಾಲೆಯ ಬದಲು ವಾಸವನ್ನೇ ಅಳತೆಯಾಗಿಸಿ, ಅವರಿಂದ ಹೆತ್ತವರ ಪಹಣಿ, ಮತದಾರರ ಪಟ್ಟಿ, ಪಡಿತರ ಚೀಟಿ ಮೂರನ್ನೂ ಒಟ್ಟಿಗೆ ಕೇಳಿದರೆ ಮೋಸಕ್ಕೆ ಜಾಗ ಕಿರಿದಾಗುತ್ತದೆ. ತಾಯ್ನುಡಿಯ ಶಾಲೆಗೆ ಹೋದ ಮಗು ಅದಕ್ಕಾಗಿ ನೌಕರಿಯ ಹಕ್ಕು ಕಳೆದುಕೊಳ್ಳಬೇಕಿಲ್ಲ.